ಬೋರ್ಡಿನ ಮೇಲಿಲ್ಲದ ತಪ್ಪು

ಪ್ರಿನ್ಸಿಪಾಲ್ ಚನ್ನವೀರಯ್ಯನವರಿಗೆ ಗಣಿತದ ಗೆಸ್ಟ್ ಲೆಕ್ಚರರ್ ಶಾಂಭವಿಯ ಮೇಲೆ ಮೊದಲಿಂದಲೂ ಗುಮಾನಿ. ಆಕೆ ದಿನವೂ ಬೋರ್ಡಿನ ಮೇಲೆ ಬೇಕಂತಲೇ ಒಂದು ಸಾಲು ತಪ್ಪು ಬರೆಯುತ್ತಾಳಂತೆ. ಹುಡುಗರು ಅದನ್ನು ಹುಡುಕಿ, ಯಾಕೆ ತಪ್ಪು ಅಂತ ಹೇಳಬೇಕಂತೆ.

ತನಗೆ ಬರದೇ ಇರೋದನ್ನು ಮುಚ್ಚಿಕೊಳ್ಳೋಕೆ ಈ ನಾಟಕ, ಅಂದುಕೊಂಡರು ಚನ್ನವೀರಯ್ಯ. ಆಕೆಯನ್ನು ಕರೆಸಿ ಗದರಿದರು. "ನಾಳೆ ನಾನೇ ಬಂದು ಕೂರ್ತೀನಿ. ಬೋರ್ಡಿನ ಮೇಲೆ ಒಂದೇ ಒಂದು ತಪ್ಪು ಕಂಡರೂ ನಿಮಗಿಲ್ಲಿ ಕೆಲಸ ಇಲ್ಲ!"

"ಆಗಲಿ ಸಾರ್, ತಪ್ಪು ಬರೆಯಲ್ಲ. ಈ ವಿಷಯ ಹುಡುಗರಿಗೆ ಮಾತ್ರ ಹೇಳಬೇಡಿ," ಅಂದಳು ಶಾಂಭವಿ.

ಇದರಲ್ಲೂ ಏನೋ ಕಿತಾಪತಿ ಇದೆ ಅನ್ನಿಸಿತು ಅವರಿಗೆ. ಮರುದಿನ ಹಿಂದಿನ ಬೆಂಚಿನಲ್ಲಿ ಕನ್ನಡಕ ಒರೆಸಿಕೊಂಡು ಕೂತರು. ಎರಡು ಬೆಸ ಸಂಖ್ಯೆ ಕೂಡಿದರೆ ಸಮಸಂಖ್ಯೆಯೇ ಯಾಕೆ ಬರುತ್ತೆ ಅಂತ ಶಾಂಭವಿ ಬರೆದಳು. ಎಲ್ಲವೂ ಸರಿಯಾಗೇ ಇತ್ತು. ಆದರೆ ಹುಡುಗರು ಬಿಡಬೇಕಲ್ಲ! ಒಂದೊಂದು ಸಾಲನ್ನೂ ಹಿಡಿದು ಜಗ್ಗಿದರು. ಇದು ಎಲ್ಲಿಂದ ಬಂತು? ಎಲ್ಲ ಬೆಸ ಸಂಖ್ಯೆಗೂ ಆಗುತ್ತಾ?

ಪ್ರಿನ್ಸಿಪಾಲರಿಗೆ ತಲೆ ಕೆಟ್ಟುಹೋಯಿತು. "ಎಲ್ಲ ಸರಿಯಾಗಿದೆ, ಸುಮ್ನೆ ಬರ್ಕೊಳ್ರಯ್ಯ!"

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅನುಮಾನದಿಂದ ತಿರುಗಿ ನೋಡಿದಳು. "ಸರಿ ಅಂತ ಹೇಗೆ ಗೊತ್ತು ಸಾರ್?"

"ಮೇಡಂ ಬರೆದಿದಾರಲ್ಲಮ್ಮ, ಅದಕ್ಕೇ ಸರಿ!"

ಇಡೀ ಕ್ಲಾಸು ಕೈ ಎತ್ತಿ ಕೂಗಿತು. "ಇವತ್ತಿನ ತಪ್ಪು ಸಿಕ್ತು ಮೇಡಂ!"

ಶಾಂಭವಿ ಚಾಕ್‌ಪೀಸ್ ಕೆಳಗಿಟ್ಟಳು. "ನೋಡಿ ಸಾರ್, ತಪ್ಪು ಬೋರ್ಡಿನ ಮೇಲಂತೂ ಇಲ್ಲ. ನಾಳೆ ಕ್ಲಾಸಿಗೆ ಬರಲಾ?"