ಹಿಂದಿನ ಬೆಂಚಲ್ಲಿ ಟೀ

ಇದು ನಡೆದ ಮಾತು, ಸುಳ್ಳಾದ್ರೆ ನನ್ನ ಮೀಸೆ ಬೋಳಿಸಿ. ನಮ್ಮೂರ ಇಸ್ಕೂಲಿಗೆ ತಪಾಸಣೆಗೆ ಸಾಹೇಬ್ರು ಬಂದು ಹೆಡ್‌ಮಾಸ್ತರು ಹಾಲಪ್ಪನೋರಿಗೆ ಗದರಿದ್ರು. "ಮೇಷ್ಟ್ರುಗಳು ಒಬ್ಬರ ಪಾಠ ಒಬ್ಬರು ಕೇಳಿ ಕಲೀಬೇಕು. ಮುಂದಿನ ವಾರ ಬರ್ತೀನಿ. ಕಲೀದಿದ್ರೆ ನಿಮಗೆ ಬೇರೆ ಊರಿಗೆ ವರ್ಗ!"

ಮೇಷ್ಟ್ರುಗಳು "ನಮಗೇ ಪಾಠನಾ?" ಅಂತ ಜಗ್ಗಲಿಲ್ಲ. ಹಾಲಪ್ಪನೋರು ಬೈಲಿಲ್ಲ. "ಬಿಡುವಿದ್ದೋರಿಗೆ ನನ್ನ ಖರ್ಚಲ್ಲಿ ಟೀ. ಆದ್ರೆ ಪಾಠ ನಡೀತಿರೋ ಕ್ಲಾಸಿನ ಹಿಂದಿನ ಬೆಂಚಲ್ಲಿ" ಅಂದ್ರು. ತಾವೇ ಮೊದಲು ಎಲ್ಲರಿಗಿಂತ ಚಿಕ್ಕೋಳಾದ ರೇಣುಕಾ ಟೀಚರ ಕ್ಲಾಸಿಗೆ ಹೋಗಿ ಕೂತು, ಹುಡುಗರ ಥರ ಕೈ ಎತ್ತಿದ್ರು. "ಭಿನ್ನರಾಶಿ ನನಗೂ ತಿಳೀಲಿಲ್ಲಮ್ಮ, ಇನ್ನೊಂದ್ಸಲ ಹೇಳು."

ಹೆಡ್‌ಮಾಸ್ತರೇ ಕೇಳಿದ್ಮೇಲೆ ಇನ್ಯಾರಿಗೆ ನಾಚಿಕೆ? ಎಲ್ಲರೂ ಬಂದ್ರು, ಕೇಳಿದ್ರು, ವಾದಾನೂ ಮಾಡಿದ್ರು.

ವಾರಕ್ಕೆ ಸಾಹೇಬ್ರು ಬಂದು ನೋಡಿ ಬೆಪ್ಪಾದ್ರು. ತಾವೂ ಕೂತ್ರು. ಗಂಟೆ ಹೊಡೆದ್ರೂ ಏಳ್ಲಿಲ್ಲ. "ತಡೀರಿ, ಈ ಲೆಕ್ಕ ಮುಗೀಲಿ" ಅಂದ್ರು. ವರ್ಗದ ಮಾತೇ ಎತ್ತಲಿಲ್ಲ.

ಹಾಲಪ್ಪನೋರು ಕಳಕೊಂಡಿದ್ದು ಟೀ ಖರ್ಚು ಮುನ್ನೂರ ಹನ್ನೆರಡು ರೂಪಾಯಿ. ಅದ್ರಲ್ಲಿ ಸಾಹೇಬ್ರು ಕುಡಿದಿದ್ದೇ ನಲವತ್ತು ರೂಪಾಯಿದು.