ಮೈ ಉಜ್ಜುವ ಮೀನು, ಉಜ್ಜದ ಮೀನು

ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ. ಬೆಟ್ಟಗಳು ಪೂರ್ತಿ ಒಣಗಿರಲಿಲ್ಲ. ಎತ್ತ ಹರಿಯಬೇಕೆಂದು ಹೊಳೆ ಇನ್ನೂ ಯೋಚಿಸುತ್ತಿತ್ತು. ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು. ಕೇಳಿಸಿಕೊಳ್ಳುವವರು ಮಾತ್ರ ಈಗಿನಷ್ಟೇ ಕಡಿಮೆ.

ಆಗ ಮರಿಮೀನುಗಳಿಗೆ ಅಪ್ಪ ಇರಲಿಲ್ಲ. ತಾಯಿಮೀನು ಒಬ್ಬಳೇ ಮೊಟ್ಟೆ ಇಡುತ್ತಿದ್ದಳು, ಹೊಳೆ ಅದಕ್ಕೆ ಜೀವ ಊದುತ್ತಿತ್ತು. ಮರಿ ಥೇಟ್ ತಾಯಿಯ ಹಾಗೆ. ಅದೇ ಮೂತಿ, ಅದೇ ಬಾಲ, ಬಾಲದ ಮೇಲೆ ಅದೇ ಮಚ್ಚೆ. ಗಂಡುಮೀನುಗಳನ್ನು ಹೊಳೆ ಬಿಡುವಿದ್ದಾಗ ಕೆಸರಿನಿಂದ ಒಂದೊಂದಾಗಿ ಮಾಡಿ ಬಿಡುತ್ತಿತ್ತು. ಯಾಕೆಂದು ಅದಕ್ಕೂ ಗೊತ್ತಿರಲಿಲ್ಲ. ಅವುಗಳಿಗೆ ಕೆಲಸವೇ ಇಲ್ಲ. ಸುಮ್ಮನೆ ಈಜುತ್ತ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದವು.

ಹೊಳೆಯ ದಂಡೆಯಲ್ಲಿ ಹುಲಿಗೆವ್ವ ಎಂಬ ಹೆಂಗಸು ಇದ್ದಳು. ಬಲೆ ಬೀಸಿ ಬೀಸಿ ಅವಳ ತೋಳು ಸೋತಿದ್ದವು. ಮೀನು ಹುಡುಕಿಕೊಂಡು ಹೋಗುವ ಬದಲು ಮನೆ ಹಿಂದೆಯೇ ಸಾಕಿದರೇನು ಎಂದು ಮೊದಲು ಯೋಚಿಸಿದವಳು ಅವಳೇ. ಹೊಂಡ ತೋಡಿದಳು. ಕಾಲುವೆ ತೆಗೆದು ಹೊಳೆಯ ನೀರು ತಿರುಗಿಸಿದಳು. ಹೊಳೆಯಲ್ಲೇ ಎಲ್ಲಕ್ಕಿಂತ ಚೆಂದದ ಗೆಂಡೆಮೀನೊಂದನ್ನು ತಂದು ಬಿಟ್ಟಳು. ಬಂಗಾರದ ಬಣ್ಣ, ದುಂಡನೆ ಹೊಟ್ಟೆ. ಹೆಸರು ಬಂಗಾರಿ.

ಬಂಗಾರಿ ಮೊಟ್ಟೆ ಇಟ್ಟಳು. ಹೊಂಡದ ತುಂಬ ಬಂಗಾರಿಯರು! ಬಿಸಿಲು ಬಿದ್ದರೆ ನೀರು ಕಣ್ಣು ಕುಕ್ಕುತ್ತಿತ್ತು. ಊರಿಗೆ ಊರೇ ನೋಡಲು ಬಂತು. ಹುಲಿಗೆವ್ವ ಏರಿಯ ಮೇಲೆ ನಿಂತು ತೌಡು, ಶೇಂಗಾ ಹಿಂಡಿ ಎರಚುತ್ತ, "ನೋಡ್ರಿ, ಒಂದಾರ ಚಂದಿಲ್ಲದ್ದು ಐತೇನು ನೋಡ್ರಿ!" ಎನ್ನುತ್ತಿದ್ದಳು.

ಒಂದು ಇತ್ತು. ಬೂದಿಬಣ್ಣದ, ಸೊಟ್ಟ ಮೂತಿಯ, ಮೈತುಂಬ ಲೋಳೆಯ ಗಂಡುಮೀನು. ಕಾಲುವೆಯಿಂದ ನುಗ್ಗಿ ಬಂದದ್ದು. ಹುಲಿಗೆವ್ವ ಅದಕ್ಕೆ ಲೋಳ್ಯಾ ಎಂದು ಹೆಸರಿಟ್ಟು ಹೊಳೆಗೆ ಎಸೆದಳು. ಮತ್ತೆ ಬಂದ. ಮತ್ತೆ ಎಸೆದಳು. ಹಿಡಿಯುವುದೇ ಕಷ್ಟ, ಕೈಯಿಂದ ಸರ್ರನೆ ಜಾರುತ್ತಿದ್ದ.

"ನಿನಗ ನಾಚಿಕಿ ಇಲ್ಲೇನೋ, ಲೋಳ್ಯಾ?"

"ಹಿಂಡಿ ರುಚಿ ಐತಿ ಯವ್ವಾ."

ಮಳೆಗಾಲ ಬಂತು. ಬಂಗಾರಿಯ ಹೊಟ್ಟೆ ಮತ್ತೆ ತುಂಬಿತು. ಬಸುರಿಗೆ ಕುಬಸ ಮಾಡುವುದು ಆ ಸೀಮೆಯ ಪದ್ಧತಿ. ಹೊಸ ಕುಪ್ಪಸ ತೊಡಿಸಿ, ಉಡಿ ತುಂಬಿ, ಬಂಧುಬಳಗವನ್ನೆಲ್ಲ ಕರೆದು ಉಣ್ಣಿಸಬೇಕು. ಬಂಗಾರಿಗೆ ಯಾಕಿಲ್ಲ? ಹುಲಿಗೆವ್ವ ಹೊಂಡದ ನಡುವೆ ಬಿದಿರಿನ ಗಳ ನೆಟ್ಟು ಚಪ್ಪರ ಹಾಕಿದಳು. ಹಸಿರು ಪಾಚಿಯ ಕುಪ್ಪಸ ಹೊಲಿದಳು. ಆಮೇಲೆ ಗಾಳಿಯನ್ನು ಕರೆದಳು.

"ಹೋಗಿ ಹೇಳಿ ಬಾ. ನೀರಾಗ ಇರೋ ಯಾರನ್ನೂ ಬಿಡಬ್ಯಾಡ. ಆ ಲೋಳ್ಯಾ ಒಬ್ಬನ್ನ ಬಿಟ್ಟು ಎಲ್ಲಾರನೂ ಕರಿ."

ಗಾಳಿ ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿತ್ತು. ತಲೆ ಓಡಿಸುವುದು ಅದರ ಕೆಲಸವಲ್ಲ. ಕಪ್ಪೆಯನ್ನು ಕರೆಯಿತು, ಏಡಿಯನ್ನು ಕರೆಯಿತು, ಆಮೆಯನ್ನು ಕರೆಯಿತು. ಮೀನುಹೇನನ್ನೂ ಕರೆಯಿತು.

ಹೇನು ಬೇಳೆಯಷ್ಟು ಚಪ್ಪಟೆ. ಅಂಟಿಕೊಳ್ಳಲು ಎರಡು ಬಟ್ಟಲು, ಚುಚ್ಚಲು ಒಂದು ಮುಳ್ಳು. ಕರೆದರೆಂದು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂತು. ಒಬ್ಬ ಬಂಗಾರಿಯ ಮೈಮೇಲೆ ಹತ್ತಿ ಅಲ್ಲಿ ಚುಚ್ಚಿತು, ಇಲ್ಲಿ ಚುಚ್ಚಿತು. ಕಿವಿರಿನ ಹಿಂದೆ ಚರ್ಮ ತೆಳ್ಳಗಿತ್ತು. ಹೇನು ಕುಣಿದುಬಿಟ್ಟಿತು!

"ಬರ್ರೋ! ಕಿವಿರಿನ ಹಿಂದ ಚುಚ್ಚರಿ! ಎಲ್ಲಾವೂ ಒಂದಽ ಥರ ಅದಾವು! ಹುಡುಕೂ ಕೆಲಸಾನಽ ಇಲ್ಲ!"

ಹೊಂಡ ಕುದಿಯತೊಡಗಿತು. ಬಂಗಾರಿಯರು ನೀರಿನಿಂದ ಮೇಲಕ್ಕೆ ಹಾರಿದರು, ಬಿದ್ದರು, ಮತ್ತೆ ಹಾರಿದರು. ಚಪ್ಪರದ ಬಿದಿರಿಗೆ ಮೈ ಉಜ್ಜಿದರು, ಉಜ್ಜಿ ಉಜ್ಜಿ ಚರ್ಮ ಸುಲಿಯಿತು. ಒಬ್ಬಳು ಹೊಟ್ಟೆ ಮೇಲೆ ಮಾಡಿ ತೇಲಿದಳು. ಇನ್ನೊಬ್ಬಳು. ಮತ್ತೊಬ್ಬಳು. ಹುಲಿಗೆವ್ವ ಸೀರೆ ಮೇಲೆ ಕಟ್ಟಿ ನೀರಿಗೆ ಧುಮುಕಿದಳು.

ದೊಡ್ಡ ಬಂಗಾರಿ ಅವಳ ಅಂಗೈಗೆ ಬಂದು ಬಿದ್ದಳು. "ಯವ್ವಾ, ಮೊಟ್ಟಿ ಇಳಿಯಾಕ ಹತ್ಯಾವು. ಇವೂ ನನ್ನಂಗಽ ಆಗತಾವು. ಇವನ್ನೂ ತಿಂತಾವು. ಏನಾರ ಮಾಡಬೇ!"

ಏನು ಮಾಡುವುದು? ಹುಲಿಗೆವ್ವ ಸುತ್ತ ನೋಡಿದಳು. ಇಷ್ಟೆಲ್ಲ ಗದ್ದಲದ ನಡುವೆ ಚಪ್ಪರದ ಕೆಳಗೆ ಒಬ್ಬ ನೆಮ್ಮದಿಯಾಗಿ ಹಿಂಡಿ ತಿನ್ನುತ್ತಿದ್ದ. ಲೋಳ್ಯಾ. ಕರೆಯದಿದ್ದರೂ ಬಂದಿದ್ದ. ಹೇನುಗಳು ಅವನ ಮೇಲೆ ಹತ್ತುತ್ತಿದ್ದವು, ಜಾರುತ್ತಿದ್ದವು, ಬೈಯುತ್ತ ಕೆಳಗೆ ಬೀಳುತ್ತಿದ್ದವು!

ಹುಲಿಗೆವ್ವ ಎರಡೂ ಕೈಯಿಂದ ಅವನನ್ನು ಬಾಚಿದಳು.

"ಎಸಿ ಎಸಿ," ಎಂದ ಲೋಳ್ಯಾ. "ನಾ ಹೆಂಗೂ ಬರಾಂವ."

"ಎಸಿಯೂದಿಲ್ಲೋ ಮಾರಾಯಾ! ನಿನ್ನ ಲೋಳಿ ಕೊಡೋ!"

ಅವನ ಮೈಯ ಲೋಳೆ ಬಳಿದು ಬಂಗಾರಿಗೆ ಹಚ್ಚಿದಳು. ಹೇನು ಜಾರಿತು! ಏರಿಯ ಮೇಲೆ ನಿಂತ ಜನ ಹೋ ಎಂದು ಕೂಗಿದರು. ಅಷ್ಟರಲ್ಲಿ ನೀರು ಲೋಳೆಯನ್ನು ತೊಳೆಯಿತು. ಹೇನು ಮತ್ತೆ ಹತ್ತಿತು. ಮತ್ತೆ ಹಚ್ಚಿದಳು. ಮತ್ತೆ ತೊಳೆಯಿತು.

ಕಾಲುವೆಯ ಬಾಯಿಂದ ಹೊಳೆ ಮಾತಾಡಿತು. "ಮ್ಯಾಲ ಹಚ್ಚಿದ್ದು ತೊಳದ ಹೋಗತೈತಿ. ಹುಟ್ಟತಾ ಬಂದಿದ್ದು ಹೋಗೂದಿಲ್ಲ."

"ಹಂಗಾರ ಮೊಟ್ಟಿಯೊಳಗ ಹಾಕು!"

"ಹಾಕತೇನಿ. ಇವನದ ಅರ್ಧ, ಆಕೀದ ಅರ್ಧ. ಆದ್ರ ಕಲಸೂದು ನನ್ನ ಕೆಲಸ, ಅಳತಿ ಮಾಡೂದು ಅಲ್ಲ. ಯಾವ ಮರಿಗೆ ಏನ ಬರತೈತೋ ನಾ ಹೇಳಲಾರೆ. ಬಣ್ಣ ಹೋಗಬಹುದು. ಸೊಟ್ಟ ಮೂತಿ ಬರಬಹುದು. ಲೋಳಿ ಎಲ್ಲಾರಿಗೂ ಸಿಗೂದಿಲ್ಲ. ಆಮ್ಯಾಲ ನನ್ನ ಬೈಬ್ಯಾಡ."

ಹುಲಿಗೆವ್ವ ಏರಿಯತ್ತ ನೋಡಿದಳು. ಬಂಗಾರದ ಹೊಂಡ ನೋಡಲೆಂದೇ ಬಂದ ಊರು ಅಲ್ಲಿ ನಿಂತಿತ್ತು. ಅಂಗೈಯಲ್ಲಿ ನೋಡಿದಳು. ಮೊದಲ ಮೊಟ್ಟೆ ಜಾರಿ ಹೊರಬರುತ್ತಿತ್ತು.

"ಕಲಸು! ಲಗೂನ ಕಲಸು!"

ಹೊಳೆ ಭೋರೆಂದು ನುಗ್ಗಿತು! ಚಪ್ಪರ ಹಾರಿತು, ಕುಪ್ಪಸ ಹಾರಿತು, ಹುಲಿಗೆವ್ವನ ತಲೆಯ ಸಿಂಬಿಯೂ ಹೋಯಿತು. ನೀರು ಗಿರ್ರನೆ ಸುತ್ತಿತು. ಆ ಸುಳಿಯೊಳಗೆ ಲೋಳ್ಯಾ ಬಂಗಾರಿಯ ಮೈಗೆ ಮೈ ತಾಗಿಸಿ ಸುತ್ತಿದ, ಸುತ್ತುತ್ತಲೇ ಇದ್ದ. ಅವಳ ಮೇಲಿದ್ದ ಹೇನುಗಳು ಒಂದೊಂದಾಗಿ ಉದುರಿದವು. ಜೀವಮಾನದಲ್ಲಿ ಅವನಿಗೆ ಸಿಕ್ಕ ಮೊದಲ ಕೆಲಸ ಅದು. ಬುದ್ಧಿ ಹೇಳುವುದನ್ನೂ ಮರೆತಿದ್ದ.

ಮೊಟ್ಟೆಗಳು ಒಡೆದಾಗ ಹುಲಿಗೆವ್ವ ಮಂಡಿಯೂರಿ ನೀರಿಗೆ ಮೂಗು ತಾಗಿಸಿ ನೋಡಿದಳು. ಬಂಗಾರದ ಮೈಗೆ ಸೊಟ್ಟ ಮೂತಿ. ಬೂದಿ ಮೈಗೆ ಚೆಂದದ ಬಾಲ. ಲೋಳೆ ಇದ್ದದ್ದು, ಇಲ್ಲದ್ದು, ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಇದ್ದದ್ದು. ಒಂದರಂತೆ ಇನ್ನೊಂದಿಲ್ಲ.

ಬದುಕುಳಿದ ಹೇನುಗಳೂ ಬಂದವು. ಒಂದು ಮರಿಯ ಕಿವಿರಿನ ಹಿಂದೆ ಚುಚ್ಚಿದವು, ಸಿಕ್ಕಿತು. ಮುಂದಿನದಕ್ಕೆ ಚುಚ್ಚಿದವು, ಜಾರಿದವು. ಅದರಾಚೆಯದಕ್ಕೆ ಚುಚ್ಚಿದವು, ಮುಳ್ಳು ಮುರಿಯಿತು.

"ಏನಿದು ಅನ್ಯಾಯ!" ಎಂದು ಹೇನು ಬಾಯಿ ಬಡಿದುಕೊಂಡಿತು. "ಒಂದಕ್ಕ ಬಾಗಲಾ ಇದ್ದಲ್ಲಿ ಇನ್ನೊಂದಕ್ಕ ಗ್ವಾಡಿ ಐತಿ!"

ಕೆಲವು ಮರಿ ಸತ್ತವು. ಬಹಳಷ್ಟು ಉಳಿದವು. ಹೊಂಡ ಉಳಿಯಿತು. ಬಂಗಾರಿ ತನ್ನ ಮರಿಗಳ ನಡುವೆ ಈಜುತ್ತ, ಇದು ನನ್ನದೇ, ಇದೂ ನನ್ನದೇ ಎಂದು ಬೆರಗಾಗುತ್ತಿದ್ದಳು.

ಹುಲಿಗೆವ್ವ ಇಷ್ಟಾದ ಮೇಲೆ ಕಲಿತಳು ಎಂದುಕೊಂಡಿರಾ? ಮರುದಿನವೇ ಬಲೆ ಹಿಡಿದು ಬಂದಳು. ಲೋಳೆ ಇದ್ದವನ್ನಷ್ಟೇ ಇಟ್ಟುಕೊಂಡು ಉಳಿದವನ್ನೆಲ್ಲ ಎಸೆಯುವ ಲೆಕ್ಕಾಚಾರ.

"ನಾಳೆ ಲೋಳಿ ತಿನ್ನೋ ಹೇನು ಬಂದ್ರ?" ಎಂದ ಲೋಳ್ಯಾ. ಅವನಿಗೆ ಬುದ್ಧಿ ಹೇಳುವ ಚಟ ಮರಳಿತ್ತು.

"ಅಂಥಾ ಹೇನು ಎಲ್ಲೈತೋ?"

"ಗಾಳಿನ್ನ ಕೇಳು. ಯಾರ್ಯಾರನ್ನ ಕರದ ಬಂದೈತೋ ಅದಕ್ಕಽ ಗೊತ್ತು."

ಹುಲಿಗೆವ್ವ ಗಾಳಿಯತ್ತ ತಿರುಗಿದಳು. ಗಾಳಿ ಏನೂ ಕೇಳಿಸದಂತೆ ಬೇರೆ ಕಡೆ ಬೀಸತೊಡಗಿತು. ಅವಳು ಬಲೆ ಮಡಚಿ, ಬುಟ್ಟಿಯ ಹಿಂಡಿಯನ್ನು ಎಲ್ಲ ಮರಿಗಳಿಗೂ ಎರಚಿದಳು.

ಈಗಲೂ ಮೀನಿನ ಹೊಂಡದ ಏರಿಯ ಮೇಲೆ ನಿಂತು ನೋಡಿ: ಒಂದೇ ತಾಯಿಯ ಮರಿಗಳಲ್ಲಿ ಒಂದು ಬಿದಿರಿನ ಗಳಕ್ಕೆ ಮೈ ಉಜ್ಜಿ ಉಜ್ಜಿ ಒದ್ದಾಡುತ್ತಿರುತ್ತದೆ, ಅದರ ಪಕ್ಕದಲ್ಲೇ ಇನ್ನೊಂದು ಏನೂ ಆಗದಂತೆ ಹಿಂಡಿ ತಿನ್ನುತ್ತಿರುತ್ತದೆ, ಯಾಕೆಂದರೆ ಹೊಳೆ ಅವತ್ತು ಕಲಸಿತೇ ಹೊರತು ಅಳೆಯಲಿಲ್ಲ.