ಕೊರವ ಮೀನು ಮೇಲೆ ಬಂದು ಉಸಿರೆಳೆಯುವುದೇಕೆ

ಭೂಮಿ ಇನ್ನೂ ಹಸಿಯಾಗಿತ್ತು, ಬೆಟ್ಟಗಳು ಕೂರಲು ಜಾಗ ಹುಡುಕುತ್ತಿದ್ದವು. ಆಗ ಮೀನುಗಳಿಗೆಲ್ಲ ಉಸಿರು ಕೊಡುವ ಕೆಲಸ ಹೊಳೆಯವ್ವನದು. ಯಾವ ಮೀನೂ ಗಾಳಿಯ ಮುಖ ಕಂಡಿರಲಿಲ್ಲ. ಕೊರವ ಮೀನಂತೂ ಮಡುವಿನ ತಳದ ಕೆಸರು ಬಿಟ್ಟು ಎದ್ದವಳೇ ಅಲ್ಲ. ಮಹಾ ಸೋಮಾರಿ. ಹೂಂ ಅನ್ನುತ್ತಾ ಕೇಳಿ, ತೂಕಡಿಸಿದರೆ ಇಲ್ಲಿಗೇ ನಿಲ್ಲಿಸುತ್ತೇನೆ.

ಆ ವರ್ಷ ಅವಳಿಗೆ ಮಕ್ಕಳಾದವು. ಒಂದೋ ಎರಡೋ ಅಲ್ಲ, ಬೊಗಸೆ ತುಂಬ ಕೆಂಪು ಕೆಂಪು ಮರಿಗಳು. ಅವಳು ಹೋದಲ್ಲೆಲ್ಲ ಅವೂ ಹೋಗುತ್ತಿದ್ದವು. ಸೋಮಾರಿತನ ಎಲ್ಲಿ ಹೋಯಿತೋ ಏನೋ, ನೀರಿಗೆ ಎಲೆ ಬಿದ್ದರೂ ತಾಯಿ ಬೆಚ್ಚಿಬೀಳುತ್ತಿದ್ದಳು.

ಬೇಸಿಗೆ ಬಂತು. ಹೊಳೆ ಬತ್ತಿ, ಮಡುವಿನ ಎರಡೂ ಕಡೆ ಮರಳ ದಿಬ್ಬ ಎದ್ದಿತು.

ದಂಡೆಯ ಮೇಲೆ ಪುಟ್ಟೀರ ಎಂಬುವನ ಗುಡಿಸಲಿತ್ತು. ಪ್ರತಿ ಬೇಸಿಗೆ ಅವನು ದಂಡೆಯ ಒಂದು ಗುಂಡಿಗೆ ಮಣ್ಣಿನ ಕಟ್ಟೆ ಹಾಕಿ, ಅದರೊಳಗೆ ಕಾರೆಕಾಯಿ ಜಜ್ಜಿ ಕದಡುತ್ತಿದ್ದ. ನಾಲ್ಕು ಮೀನು ಮತ್ತೇರಿ ತೇಲಿದರೆ ಅಂದಿನ ಸಾರಿಗೆ ಸಾಕು. ಆ ಸಲ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನಾಲ್ಕು ಮೀನು ಯಾವ ಮೂಲೆಗೆ? ಅವನು ಕಟ್ಟೆ ಹಾಕುವ ಗೋಜಿಗೇ ಹೋಗದೆ, ಮೂರು ಬುಟ್ಟಿ ಕಾಯಿ ಜಜ್ಜಿ ಮಡುವಿಗೇ ಸುರಿದ.

ಮೊದಲು ತಿಳಿದದ್ದು ಏಡಿಗೆ. “ಅಕ್ಕಾ, ನೀರು ಕಹಿಯಾಗ್ತಾ ಇದೆ. ಮಕ್ಕಳನ್ನ ಕಟ್ಕೊಂಡು ಎಲ್ಲಿಗಾದ್ರೂ ಹೋಗು,” ಎಂದು ಅದು ದಂಡೆ ಹತ್ತಿ ಹೋಯಿತು.

ಎಲ್ಲಿಗೆ ಹೋಗುವುದು? ಆ ಕಡೆ ಮರಳು, ಈ ಕಡೆ ಮರಳು.

ತಾಯಿಯ ಕಿವಿರು ಉರಿಯತೊಡಗಿತು. ಪಕ್ಕದಲ್ಲೇ ಗೆಂಡೆ ಮೀನೊಂದು ಮಗ್ಗುಲಾಗಿ ಮೇಲಕ್ಕೆ ತೇಲಿತು. ಆಮೇಲೆ ಇನ್ನೊಂದು. ಮರಿಗಳ ಗುಂಪಿನ ಅಂಚಿನಲ್ಲಿ ಒಂದು ಪುಟಾಣಿ ಈಜುವುದನ್ನು ನಿಲ್ಲಿಸಿತು.

“ಹೊಳೆಯವ್ವಾ, ಉಸಿರು ಕೊಡು ತಾಯಿ,” ಎಂದಳು ಅವಳು.

“ಎಲ್ಲಿಂದ ಕೊಡಲಿ ಮಗಳೇ? ಸುರಿದದ್ದನ್ನೆಲ್ಲ ನಾನು ನುಂಗಲೇಬೇಕು. ಉಗುಳೋಕೆ ನನಗೆ ದಾರಿಯಿಲ್ಲ,” ಎಂದು ಹೊಳೆ ಅತ್ತಿತು.

ಆಗ ಮೇಲಿನಿಂದ ಗಾಳಿ ಕರೆಯಿತು. “ಉಸಿರು ನನ್ನ ಹತ್ತಿರ ಬೇಕಾದಷ್ಟಿದೆ. ಆದರೆ ನಾನು ಕೆಳಗಿಳಿಯೋ ಹಾಗಿಲ್ಲ, ನೀನೇ ಬರಬೇಕು.”

ಮೇಲೆ ಕೊಕ್ಕರೆ ಕಾಯುತ್ತಿತ್ತು. ಅದರ ಎರಡು ಕಾಲು ನೀರಿನೊಳಗೆ ಕಾಣುತ್ತಿದ್ದವು. ಮೇಲೆ ಹೋದರೆ ಕೊಕ್ಕರೆ, ಕೆಳಗಿದ್ದರೆ ಕಹಿ. ಅಯ್ಯೋ, ಆ ಭಯ ಯಾವ ತಾಯಿಗೂ ಬೇಡ.

ಅವಳು ಮರಿಗಳನ್ನು ಹೊಟ್ಟೆಯ ಕೆಳಗೆ ಸೇರಿಸಿಕೊಂಡು ಮೇಲೆ ಹೋದಳು. ಮೂತಿ ಹೊರಗಿಟ್ಟು, ಗುಳಕ್ ಎಂದು ಒಂದು ಗುಟುಕು ಗಾಳಿ ನುಂಗಿದಳು. ಉರಿ ತಣ್ಣಗಾಯಿತು. “ಹೀಗೆ ಮಾಡಿ, ಬೇಗ,” ಎಂದಳು. ಮರಿಗಳು ಒಂದೊಂದಾಗಿ ಮಾಡಿದವು. ಕೊಕ್ಕರೆ ಕೊಕ್ಕು ಇಳಿಸಿತು. ಕೆಲವು ಮರಿ ಹೋದವು. ಉಳಿದವನ್ನು ಕೆಳಗೆ ಕರೆದೊಯ್ದಳು. ಉಸಿರು ತೀರಿದಾಗ ಅದೇ ಕೊಕ್ಕಿನ ಕೆಳಗೆ ಮತ್ತೆ ಬರಬೇಕಾಯಿತು.

ಹಾಗೆ ಬಂದಾಗಲೊಮ್ಮೆ ದಂಡೆಯ ಮಾತು ಕೇಳಿಸಿತು. ಪುಟ್ಟೀರನ ಮಗಳು ಮಂಚಿ ಬಿಂದಿಗೆ ಪಕ್ಕಕ್ಕಿಟ್ಟು, ಒಂದು ಬೊಗಸೆ ನೀರು ಬಾಯಿಗೆ ತಂದಿದ್ದಳು.

“ಕುಡೀಬೇಡ ಮಗಾ!” ಪುಟ್ಟೀರ ಓಡಿ ಬಂದು ಅವಳ ಕೈ ತಟ್ಟಿದ.

“ಮತ್ತೆ ಯಾವ ನೀರು ಕುಡೀಲಿ ಅಪ್ಪಾ? ಬಂದವರಿಗೆ ಏನು ಕೊಡ್ಲಿ?”

ಪುಟ್ಟೀರ ಮಡುವಿನ ಕಡೆ ತಿರುಗಿದ. ಮಡುವಿನ ತುಂಬ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಅವನು ಗುದ್ದಲಿ ತರಲು ಗುಡಿಸಲಿಗೆ ಓಡಿದ.

ಬಂದ ನೆಂಟರೂ ಸೇರಿ ಹೊಳೆಯ ಮೇಲ್ಗಡೆಯ ಮರಳ ದಿಬ್ಬ ಅಗೆದರು. ದಿಬ್ಬದಾಚೆ ನಿಂತಿದ್ದ ಒಳ್ಳೆಯ ನೀರು ಬಂದು ಕಹಿ ಕಳೆಯಲು ಮೂರು ದಿನ ಹಿಡಿಯಿತು. ಆ ಮೂರು ದಿನ ಮಡುವಿನಲ್ಲಿ ಜೀವದಿಂದ ಇದ್ದವರು ಕೊರವಕ್ಕ ಮತ್ತು ಅವಳ ಉಳಿದ ಮರಿಗಳು ಮಾತ್ರ. ಇನ್ನು ಮುಂದೆ ಈ ಮಡುವಿಗೆ ಕಾರೆಕಾಯಿ ಹಾಕಕೂಡದು, ಬಲೆ ಬೀಸಕೂಡದು ಎಂದು ಪುಟ್ಟೀರ ದಂಡೆಯ ಮಣ್ಣು ಮುಟ್ಟಿ ಆಣೆ ಮಾಡಿದ. ನೆಂಟರೂ ಮಾಡಿದರು.

“ಈಗ ಉಸಿರು ಕೊಡ್ತೀನಿ ಮಗಳೇ, ಕೆಳಗೇ ಇರು,” ಎಂದಿತು ಹೊಳೆ.

“ಇವತ್ತು ಕೊಡ್ತೀಯ ಅವ್ವ. ನಾಳೆ ಯಾರು ಏನು ಸುರೀತಾರೆ ಅಂತ ನಿನಗೆ ಗೊತ್ತಾ?”

ಹಾಗಂದು ಅವಳು ಮರಿಗಳನ್ನು ಕರೆದುಕೊಂಡು ಮತ್ತೆ ಮೇಲೆ ಹೋದಳು.

ಅದಕ್ಕೇ ನೋಡಿ, ನೀವು ಕೆರೆಯ ದಂಡೆಗೆ ಹೋದಾಗ ಕೊರವ ಮೀನು ಕೆಂಪು ಮರಿಗಳನ್ನು ಕಟ್ಟಿಕೊಂಡು ಮೇಲೆ ಬರುತ್ತದೆ, ಗುಳಕ್ ಎಂದು ಗಾಳಿ ನುಂಗುತ್ತದೆ, ನಿಮ್ಮ ಕೈಯಲ್ಲಿ ಏನಿದೆ ಎಂದು ಒಮ್ಮೆ ನೋಡಿ ಸರ್ರನೆ ಮುಳುಗುತ್ತದೆ.